ಗಂಗಾವತಿಯಲ್ಲಿ ಫೋನ್ ತಗೊಳ್ಳಬೇಕು: ಕಂತೋ ನಗದೋ? ಮನೆಯ ಮೂರು ಸಿಮ್‌ಗೆ ಯಾವ ಪ್ಲಾನ್?

ಜಂಪರ್ ಮನೆ, ಕಾರಟಗಿ:

ಎಲ್ಲರಿಗೂ ನಮಸ್ಕಾರ. ಕಾರಟಗಿ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಹಳ್ಳಿ ನಮ್ಮದು. ಮನೆಯಲ್ಲೇ ಜಂಪರ್, ಅಂದರೆ ರವಿಕೆ ಹೊಲಿಯುತ್ತೇನೆ. ಗಿರಾಕಿಗಳು ಡಿಸೈನ್ ಫೋಟೋ ಕಳಿಸುವುದು ವಾಟ್ಸಾಪ್‌ಗೆ, ರೊಕ್ಕ ಹಾಕುವುದೂ ಫೋನಿಗೆ. ಈಗಿರುವ ಫೋನಿನ ಸ್ಟೋರೇಜ್ ತುಂಬಿದೆ. ಒಂದು ಫೋಟೋ ತೆರೆಯಬೇಕೆಂದರೂ ಕಾಯಬೇಕು. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಮದುವೆ ಸೀಜನ್‌ಗೆ ಮೊದಲು ಹೊಸದು ಬೇಕೇ ಬೇಕು.

ಗಂಗಾವತಿಯ ಒಂದು ಅಂಗಡಿಯಲ್ಲಿ 5ಜಿ ಫೋನ್ ತೋರಿಸಿದರು. ನಗದು ಕೊಟ್ಟರೆ 15,500. ಕಂತಾದರೆ ಇವತ್ತು ಒಂದು ರೂಪಾಯಿಯೂ ಬೇಡ, ತಿಂಗಳಿಗೆ 2,000ದಂತೆ 8 ಕಂತು, ಬಡ್ಡಿ ಇಲ್ಲ ಅಂದರು. ಫೈಲ್ ಚಾರ್ಜ್ 1,100 ಮತ್ತು ಇನ್ಶೂರೆನ್ಸ್ 900 ಬೇರೆ. ಜೊತೆಗೆ ನಾನು, ಯಜಮಾನರು, ಅತ್ತೆ ಮೂವರ ನಂಬರ್ ಸೇರಿಸಿ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ಮಾಡಿಸಿ ಅಂತ ಒತ್ತಾಯ.

ನಮಗೆ ರೊಕ್ಕ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಭತ್ತದ ದುಡ್ಡು ಸುಗ್ಗಿಯಲ್ಲಿ ಒಮ್ಮೆಲೇ ಬರುತ್ತದೆ. ಹೊಲಿಗೆ ದುಡ್ಡು ಹಬ್ಬ, ಮದುವೆ ಇದ್ದಾಗ ಜಾಸ್ತಿ, ಆಷಾಢದಲ್ಲಿ ಕೈ ಖಾಲಿ. ಅದಕ್ಕೇ ಕಂತು ಅಂದರೆ ಭಯ.

ಇನ್ನೊಂದು ತೊಂದರೆ ನೆಟ್‌ವರ್ಕ್. ಮನೆ ಒಳಗೆ ನನ್ನ ಸಿಮ್‌ಗೆ ಒಂದೇ ಕಡ್ಡಿ. ಮಾತಾಡಲು ಅಂಗಳಕ್ಕೆ ಬರಬೇಕು. ಯಜಮಾನರದು ಬೇರೆ ಕಂಪನಿ, ಅದು ಮನೆಯಲ್ಲೂ ಗದ್ದೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ. ಅತ್ತೆಯದು ಹಳೆಯ ಕೀಪ್ಯಾಡ್ ಫೋನ್. ಆ ನಂಬರನ್ನೇ ಬ್ಯಾಂಕಿಗೂ ಆಧಾರ್‌ಗೂ ಕೊಟ್ಟಿದ್ದೇವೆ. ಗೃಹಲಕ್ಷ್ಮಿ ಹಣ ಬಂದ ಮೆಸೇಜ್ ಅದಕ್ಕೇ ಬರುತ್ತದೆ. ಆ ನಂಬರ್ ಬಂದ್ ಆಗಬಾರದು. ಅವರು ಇಂಟರ್ನೆಟ್ ಮುಟ್ಟುವುದೇ ಇಲ್ಲ, ಆದರೂ ಡೇಟಾ ಸೇರಿದ ರೀಚಾರ್ಜ್ ಹಾಕಿಸುತ್ತಿದ್ದೇವೆ. ಇದಕ್ಕೆ ಬೇರೆ ದಾರಿ ಇದೆಯಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕುಷ್ಟಗಿ ಮೇಷ್ಟ್ರು:

ತಂಗಿ, ಮೊದಲು ಕಂತಿನ ಲೆಕ್ಕ ನೋಡೋಣ. 8 ಕಂತು ಅಂದರೆ 16,000. ಅದಕ್ಕೆ 1,100 ಮತ್ತು 900 ಕೂಡಿಸಿ, 18,000 ಆಯಿತು. ನಗದಿಗಿಂತ 2,500 ಜಾಸ್ತಿ. ಬಡ್ಡಿ ಇಲ್ಲ ಅನ್ನುತ್ತಾರೆ, ಆದರೆ ಆ ರೊಕ್ಕ ನಿಮ್ಮ ಕೈಯಿಂದಲೇ ಹೋಗುತ್ತದೆ ಅಲ್ವಾ? 15,500 ಸಾಲಕ್ಕೆ ಎಂಟು ತಿಂಗಳಲ್ಲಿ 2,500 ಸಣ್ಣ ಮಾತಲ್ಲ.

ಇದನ್ನು ಕಾಗದದಲ್ಲಿ ಕೇಳುವ ಹಕ್ಕು ನಿಮಗಿದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆಲ್ಲ ಸಾಲ ಕೊಡುವವರು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನುವ ಹಾಳೆ ಕೊಡಬೇಕು. ಫೈಲ್ ಚಾರ್ಜ್, ಇನ್ಶೂರೆನ್ಸ್ ಎಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅಂತ ಅದರಲ್ಲಿ ಬರೆದಿರಬೇಕು. ಅದೂ ಸಾಲ ತಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೊಡಿ ಅಂತ ಕೇಳಿ, ಸಂಕೋಚ ಬೇಡ. ಹಾಳೆಯಲ್ಲಿ ಇಲ್ಲದ ಚಾರ್ಜನ್ನು ಆಮೇಲೆ ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ.

ನಮ್ಮ ಅಣ್ಣನ ಮಗ ಹೀಗೇ ಕಂತಿನಲ್ಲಿ ಫೋನ್ ತಗೊಂಡಿದ್ದ. ಕಂಪನಿಯವರು ಮೊದಲೇ ಒಂದು ಆಪ್ ಹಾಕಿ ಕೊಟ್ಟಿದ್ದರು. ಖಾತೆಯಲ್ಲಿ ರೊಕ್ಕ ಕಡಿಮೆ ಇದ್ದು ಒಂದು ಕಂತು ತಪ್ಪಿತು. ಫೋನ್ ಲಾಕ್ ಆಯಿತು. ಮೇಲೆ ಬ್ಯಾಂಕಿನವರು ಬೌನ್ಸ್ ಚಾರ್ಜ್ ಹಿಡಿದರು, ಸಾಲದವರು ದಂಡ ಹಾಕಿದರು. ಅವನು ಸಂಬಳದವನು, ಹೇಗೋ ಕಟ್ಟಿ ಬಿಡಿಸಿಕೊಂಡ. ನಿಮಗೆ ಆಷಾಢದಲ್ಲಿ ಹೀಗಾದರೆ ಗಿರಾಕಿಗಳ ನಂಬರ್, ಅಳತೆ, ಡಿಸೈನ್ ಎಲ್ಲ ಅದರೊಳಗೇ ಸಿಕ್ಕಿಬೀಳುತ್ತವೆ. ಅದು ನನಗೆ ತಡೆದುಕೊಳ್ಳಲಾಗದ ಮಾತು. ದುಡಿಯುವ ಹೆಣ್ಣುಮಗಳ ಕೆಲಸದ ಸಾಮಾನಿಗೆ ಬೇರೆಯವರು ಬೀಗ ಹಾಕುವುದು ಸರಿಯಲ್ಲ.

ಸಾಧ್ಯವಾದರೆ ಸುಗ್ಗಿವರೆಗೆ ಹಳೆಯದರಲ್ಲೇ ದೂಡಿ, ನಗದಿಗೇ ತಗೊಳ್ಳಿ. ಅಲ್ಲಿವರೆಗೆ ತಡೆಯಲು ಆಗದಿದ್ದರೆ ಕೈಯಲ್ಲಿರುವ ರೊಕ್ಕಕ್ಕೆ ಬರುವ ಫೋನೇ ಸಾಕು.

ರಿಪೇರಿ ಟೇಬಲ್, ಗಂಗಾವತಿ:

ಅಕ್ಕ, ನಾನು ಫೋನ್ ಮಾರುವವನಲ್ಲ, ರಿಪೇರಿ ಮಾಡುವವನು. ನನ್ನ ಟೇಬಲ್‌ಗೆ ಏನು ಬರುತ್ತದೋ ಅದರ ಮೇಲೆ ಹೇಳುತ್ತೇನೆ.

ನಿಮ್ಮ ಕೆಲಸಕ್ಕೆ 128 ಜಿಬಿ ಸ್ಟೋರೇಜ್, 6 ಜಿಬಿ ರ್‍ಯಾಮ್ ಸಾಕು. 4 ಜಿಬಿಯನ್ನು '4 ಪ್ಲಸ್ 4, ಅಂದರೆ 8' ಅಂತ ಹೇಳಿ ಮಾರುತ್ತಾರೆ. ಎರಡನೇ 4 ಅಂದರೆ ಸ್ಟೋರೇಜಿನ ಜಾಗವನ್ನೇ ಸ್ವಲ್ಪ ಹೊತ್ತು ರ್‍ಯಾಮ್ ಹಾಗೆ ಬಳಸುವುದು. ನಿಜವಾದ ರ್‍ಯಾಮ್ ವೇಗ ಅದಕ್ಕೆ ಬರುವುದಿಲ್ಲ. ಡಬ್ಬಿ ಮೇಲೆ ಮೊದಲು ಬರೆದ ಅಂಕಿಯನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ. ಕ್ಯಾಮೆರಾಗೂ ಅಷ್ಟೇ. ಮೆಗಾಪಿಕ್ಸೆಲ್ ಬಿಡಿ, ಅಂಗಡಿಯಲ್ಲೇ ಒಂದು ಕಸೂತಿ ಬಟ್ಟೆಯ ಫೋಟೋ ತೆಗೆದು ನೂಲು ಬಿಡಿಬಿಡಿಯಾಗಿ ಕಾಣುತ್ತದಾ, ಬಣ್ಣ ಸರಿ ಬರುತ್ತದಾ ನೋಡಿ. ನಿಮಗೆ ಬೇಕಾಗಿರುವುದು ಅದೇ.

ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಅಂತ ಕೇಳುವವರೇ ಇಲ್ಲ. ಫೋನಿನಲ್ಲಿ ರೊಕ್ಕ ಓಡಾಡುವಾಗ ಇದೇ ಮುಖ್ಯ. ಸ್ಯಾಮ್‌ಸಂಗ್‌ನವರು ಗ್ಯಾಲಕ್ಸಿ ಎ16ಗೆ 6 ವರ್ಷ ಅಂತ ಹೇಳಿದ್ದಾರೆ. ಇದೇ ಬೆಲೆಯ ಆಸುಪಾಸಿನ ಕೆಲವು ಫೋನ್‌ಗಳಿಗೆ ಅದರ ಅರ್ಧವೂ ಇಲ್ಲ. ಅದನ್ನೇ ತಗೊಳ್ಳಿ ಅಂತ ಹೇಳುತ್ತಿಲ್ಲ. ಯಾವುದನ್ನು ತಗೊಂಡರೂ ಈ ಪ್ರಶ್ನೆ ಕೇಳಿ.

ನಮ್ಮ ಕಡೆ ಫೋನಿಗೆ ಎರಡು ಶತ್ರು, ಧೂಳು ಮತ್ತು ಬಿಸಿಲು. ರೈಸ್ ಮಿಲ್ ಹುಡುಗರ ಫೋನಿನ ಚಾರ್ಜಿಂಗ್ ಕಿಂಡಿಯಲ್ಲಿ ತೌಡು ಗಟ್ಟಿಯಾಗಿ ಕೂತಿರುತ್ತದೆ, ನಿಮ್ಮದರಲ್ಲಿ ನೂಲಿನ ಎಳೆ ಇರುತ್ತದೆ. ಕೇಬಲ್ ಸಡಿಲ ಆದರೆ ಮೊದಲು ಸ್ವಚ್ಛ ಮಾಡಿಸಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ತಗಡಿನ ಕೆಳಗೆ, ಕಿಟಕಿ ಬಿಸಿಲಲ್ಲಿ ಚಾರ್ಜ್‌ಗೆ ಇಡಬೇಡಿ. ಲಿಥಿಯಂ ಬ್ಯಾಟರಿ ಬಿಸಿಗೆ ಬೇಗ ಸೊರಗುತ್ತದೆ. ತಗೊಳ್ಳುವ ಮೊದಲೇ ಆ ಕಂಪನಿಯ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೇಳಿ. ಡಿಸ್‌ಪ್ಲೇ ಒಡೆದರೆ ಹೊಸಪೇಟೆಗೋ ಬಳ್ಳಾರಿಗೋ ಓಡಾಡುವಷ್ಟರಲ್ಲಿ ಒಂದು ದಿನದ ದುಡಿಮೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರ್ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಗೆ ಮೆಸೇಜ್ ಕಳಿಸಿ. ಕದ್ದ ಫೋನ್ ಅಂತ ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಿಲ್ ಇಲ್ಲದ ಫೋನ್ ಎಷ್ಟೇ ಅಗ್ಗವಾದರೂ ಬೇಡ.

ಶಕ್ತಿನಗರದವನು:

ನಾನು ಹಿಂದೆ ಟವರ್ ಕೆಲಸದಲ್ಲಿದ್ದೆ. ಅಕ್ಕಾ, ಫೋನ್ ಆರಿಸುವ ಮೊದಲು ಸಿಮ್ ಆರಿಸಿ. ಮನೆ ಒಳಗೆ ಯಾವುದು ಹಿಡಿಯುತ್ತದೋ ಅದೇ ನಿಮ್ಮ ಕಂಪನಿ. ನಿಮ್ಮಲ್ಲಿ ಉತ್ತರ ಆಗಲೇ ಇದೆ. ಯಜಮಾನರ ಸಿಮ್ಮನ್ನು ಎರಡು ದಿನ ನಿಮ್ಮ ಫೋನಿಗೆ ಹಾಕಿ ನೋಡಿ. ಮಷಿನ್ ಇರುವ ಕೋಣೆಯಲ್ಲಿ ಕುಳಿತು, ಸಂಜೆ ಎಲ್ಲರೂ ಫೋನ್ ಹಿಡಿಯುವ ಹೊತ್ತಿನಲ್ಲೂ ನೋಡಿ. ಕಂಪನಿಗಳ ವೆಬ್‌ಸೈಟ್‌ನಲ್ಲಿ ಕವರೇಜ್ ಮ್ಯಾಪ್ ಇರುತ್ತದೆ. ಅದರಲ್ಲಿ ಊರು ಕಾಣುತ್ತದೆ, ನಿಮ್ಮ ಗೋಡೆ ಕಾಣುವುದಿಲ್ಲ.

ಚೆನ್ನಾಗಿದ್ದರೆ ಪೋರ್ಟ್ ಮಾಡಿಸಿ, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಿ. ಇಂಗ್ಲಿಷ್‌ನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿ. ಒಂದು ಕೋಡ್ ಬರುತ್ತದೆ, ಅದು ನಮ್ಮಲ್ಲಿ 4 ದಿನ ನಡೆಯುತ್ತದೆ. ಆಧಾರ್ ತಗೊಂಡು ಹೊಸ ಕಂಪನಿ ಅಂಗಡಿಗೆ ಹೋದರೆ ಸಾಕು, ಕರ್ನಾಟಕದೊಳಗೆ ಮೂರು ಕೆಲಸದ ದಿನದಲ್ಲಿ ಮುಗಿಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಹಳೆ ರೀಚಾರ್ಜ್‌ನಲ್ಲಿ ಉಳಿದ ದಿನಗಳು ಹೊಸ ಕಡೆಗೆ ಬರುವುದಿಲ್ಲ. ಅದಕ್ಕೇ ವ್ಯಾಲಿಡಿಟಿ ಮುಗಿಯುವ ಹೊತ್ತಿಗೆ ಮಾಡಿಸಿ.

5ಜಿ ವಿಷಯ. ನಿಮ್ಮ ಊರಿಗೆ 5ಜಿ ಬಂದಿದೆಯಾ ನೋಡಿ. ಬಂದಿದ್ದರೆ ಫೋನಿನ ಬ್ಯಾಂಡ್ ಪಟ್ಟಿಯನ್ನೂ, ಅಂದರೆ ಅದು ಯಾವ ಯಾವ ತರಂಗ ಹಿಡಿಯುತ್ತದೆ ಅನ್ನುವುದನ್ನೂ ನೋಡಿ. 2022ರ ತರಂಗಗಳ (ಸ್ಪೆಕ್ಟ್ರಮ್) ಹರಾಜಿನಲ್ಲಿ 700 ಮೆಗಾಹರ್ಟ್ಸ್ ತಗೊಂಡದ್ದು ಜಿಯೋ ಮಾತ್ರ. ಅದು ಎನ್28 ಬ್ಯಾಂಡ್. ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಹಳ್ಳಿಯಲ್ಲಿ ಜಿಯೋ ಬಳಸುವವರ ಫೋನಿನಲ್ಲಿ ಎನ್28 ಇರಲೇಬೇಕು. 5ಜಿಯ ಇನ್ನೊಂದು ಬ್ಯಾಂಡ್ ಎನ್78 ಒಂದೇ ಸಾಲದು.

ಅತ್ತೆಯವರ ಫೋನ್ ಬರೀ 2ಜಿ ಆಗಿದ್ದರೆ ಅವರ ನಂಬರನ್ನು ಜಿಯೋಗೆ ಹಾಕಬೇಡಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, 4ಜಿ ಕೀಪ್ಯಾಡ್ ಫೋನೇ ಬೇಕಾಗುತ್ತದೆ. ಫ್ಯಾಮಿಲಿ ಪ್ಲಾನ್‌ನಲ್ಲಿ ಈ ಮಾತು ಯಾರೂ ಹೇಳುವುದಿಲ್ಲ.

ಅವರಿಗೆ ಡೇಟಾ ಇಲ್ಲದ ಪ್ಲಾನ್ ಇದೆ. ಬರೀ ಕರೆ ಮತ್ತು ಮೆಸೇಜ್‌ಗೆ ಬೇರೆ ಪ್ಲಾನ್ ಇಡಲೇಬೇಕು ಅಂತ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಇಂಥ ಪ್ಲಾನ್‌ಗೆ 365 ದಿನದವರೆಗೆ ವ್ಯಾಲಿಡಿಟಿ ಕೊಡಬಹುದು ಅಂತಲೂ ಹೇಳಿತು. ಅಂಗಡಿಯವರು ತಾವಾಗಿ ತೋರಿಸುವುದು ಕಡಿಮೆ. 'ವಾಯ್ಸ್ ಮಾತ್ರ' ಅಂತ ಕೇಳಿ. ಸುಗ್ಗಿ ದುಡ್ಡು ಬಂದಾಗ ಒಮ್ಮೆ ವರ್ಷಕ್ಕೆ ಹಾಕಿಸಿಬಿಟ್ಟರೆ ನಂಬರ್ ಬಂದ್ ಆಗುವ ಚಿಂತೆ ಇರುವುದಿಲ್ಲ. ವ್ಯಾಲಿಡಿಟಿ ಮುಗಿದರೆ ಸ್ವಲ್ಪ ದಿನದ ಮೇಲೆ ಆ ನಂಬರಿಗೆ ಬರುವ ಕರೆ, ಮೆಸೇಜ್ ನಿಲ್ಲುತ್ತವೆ. ಒಟಿಪಿಯೂ ಬರುವುದಿಲ್ಲ.

ಕುಷ್ಟಗಿ ಮೇಷ್ಟ್ರು:

ಪೋಸ್ಟ್‌ಪೇಯ್ಡ್ ಬಗ್ಗೆ ಒಂದು ಮಾತು. ಅಲ್ಲಿ ಹೇಳುವ ಬಾಡಿಗೆಯ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ ಬೀಳುತ್ತದೆ. ಪ್ರಿಪೇಯ್ಡ್‌ನಲ್ಲಿ ಹೇಳಿದ ದರದಲ್ಲೇ ತೆರಿಗೆ ಸೇರಿರುತ್ತದೆ. ಮೂರೂ ನಂಬರ್ ಒಂದೇ ಬಿಲ್ಲಿನಲ್ಲಿದ್ದರೆ ಒಂದು ತಿಂಗಳು ಕಟ್ಟದಿದ್ದಾಗ ಮೂರೂ ನಿಲ್ಲುವ ಅಪಾಯ. ಬಾಕಿ ಇದ್ದರೆ ಪೋರ್ಟ್ ಆಗುವುದೂ ಇಲ್ಲ. ನಿಮ್ಮ ಮನೆಗೆ ಇದು ಹೊಂದುವುದಿಲ್ಲ.

ಪ್ರಿಪೇಯ್ಡ್‌ನಲ್ಲೂ 28 ದಿನದ್ದು ಹಾಕಿಸಿದರೆ ವರ್ಷಕ್ಕೆ 13 ಸಲ ಆಗುತ್ತದೆ. 30 ದಿನದ ಒಂದು ಪ್ಲಾನ್, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಒಂದು ಪ್ಲಾನ್ ಎಲ್ಲ ಕಂಪನಿಗಳಲ್ಲೂ ಇರಬೇಕು ಅಂತ 2022ರಿಂದ ನಿಯಮವಿದೆ. ದಿನಕ್ಕೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡಿ.

ಜಂಪರ್ ಮನೆ, ಕಾರಟಗಿ:

ಅಣ್ಣಾ, ಮೇಷ್ಟ್ರೇ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಯಜಮಾನರ ಸಿಮ್ ನನ್ನ ಫೋನಿಗೆ ಹಾಕಿ ನೋಡಿದೆ. ಮಷಿನ್ ಮುಂದೆ ಕುಳಿತೇ ವಿಡಿಯೋ ಕಾಲ್ ಬಂತು. ನನ್ನ ನಂಬರ್ ಪೋರ್ಟ್ ಮಾಡಿಸುತ್ತೇನೆ. ಅತ್ತೆಯ ನಂಬರ್ ಇದ್ದ ಕಡೆಯೇ ಇರಲಿ, ಈ ಸಲ ವಾಯ್ಸ್ ಪ್ಲಾನ್ ಕೇಳುತ್ತೇನೆ. ಫ್ಯಾಮಿಲಿ ಪ್ಲಾನ್ ಬೇಡ, ಕಂತೂ ಬೇಡ. ಯಜಮಾನರೂ ಒಪ್ಪಿದರು. ಭತ್ತ ತೂಗಿದ ಮೇಲೆ ನಗದಿಗೆ.

ಸುಗ್ಗಿಗೆ ಇನ್ನೂ ಟೈಮ್ ಇದೆ. ಅಲ್ಲಿವರೆಗೆ ಈ ಫೋನನ್ನು ಹೇಗೆ ನಡೆಸಲಿ? ಆಮೇಲೆ ಇದನ್ನೇ ಅಂಗಡಿಗೆ ಎಕ್ಸ್‌ಚೇಂಜ್ ಕೊಡಬೇಕು ಅಂತಿದ್ದೇನೆ.

ರಿಪೇರಿ ಟೇಬಲ್, ಗಂಗಾವತಿ:

ಬ್ಯಾಟರಿ ಬದಲಿಸಿ ಅಕ್ಕ, ಹೊಸ ಫೋನಿನ ಬೆಲೆಯ ಮುಂದೆ ಅದು ಸಣ್ಣ ಖರ್ಚು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ' ತೆರೆದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಕಾಣುತ್ತದೆ. ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಅಲ್ಲಿಂದಲೇ ಅಳಿಸಿ. ಆಟೋ ಡೌನ್‌ಲೋಡ್ ನಿಲ್ಲಿಸಿ. ಗಿರಾಕಿಗಳ ಡಿಸೈನ್ ಫೋಟೋ ಮಾತ್ರ ಬೇರೆ ಕಡೆ ಕಾಪಿ ಇಟ್ಟುಕೊಳ್ಳಿ.

ಎಕ್ಸ್‌ಚೇಂಜ್ ಕೊಡುವ ದಿನ ಮೊದಲು ವಾಟ್ಸಾಪ್ ಬ್ಯಾಕಪ್ ತಗೊಳ್ಳಿ. ಹೊಸ ಫೋನಿನಲ್ಲಿ ಎಲ್ಲ ಬಂದಿದೆಯಾ ನೋಡಿ. ಆಮೇಲೆ ಹಳೆಯದರಲ್ಲಿ ಪೇಮೆಂಟ್ ಆಪ್‌ಗಳಿಂದ ಲಾಗ್‌ಔಟ್ ಆಗಿ, ಗೂಗಲ್ ಅಕೌಂಟ್ ತೆಗೆದು, ಕೊನೆಗೆ ಫ್ಯಾಕ್ಟರಿ ರೀಸೆಟ್. ಮೆಮೊರಿ ಕಾರ್ಡ್ ಬಿಚ್ಚಿಕೊಳ್ಳಲು ಮರೆಯಬೇಡಿ. ರೀಸೆಟ್ ನೀವೇ ಮಾಡಿ, ಅಂಗಡಿಯವರು ಮಾಡುತ್ತೇವೆ ಅಂದರೂ ಬಿಡಬೇಡಿ.