ಇಂಟೀರಿಯರ್ ಡಿಸೈನ್ ಕ್ಲಾಸಿನಲ್ಲಿ ಎಐ ಬಳಸೋಕೆ ಎಷ್ಟು ಬಿಡಬೇಕು?

ಡೊಂಬಿವ್ಲಿ ಮೇಷ್ಟ್ರು: ಎರಡನೇ ವರ್ಷದವರಿಗೆ ಪಾಠ ಮಾಡುತ್ತೇನೆ. 350 ಚದರ ಅಡಿಯ ಫ್ಲ್ಯಾಟ್ ಕೊಟ್ಟರೆ ಮಿಡ್‌ಜರ್ನಿ ಅನ್ನೋ ಚಿತ್ರ ಮಾಡುವ ಎಐನಲ್ಲಿ ಅರಮನೆಯಂಥ ಹಾಲ್ ಮಾಡಿ ತರುತ್ತಾರೆ, ಇಲ್ಲದ ಕಡೆ ಕಿಟಕಿ, ಇರುವ ಕಾಲಂ ಮಾಯ. ಪೂರ್ತಿ ನಿಲ್ಲಿಸಿಬಿಡಲಾ?

ಕೋಥ್ರೂಡ್ ಅಕ್ಕ: ನಿಲ್ಲಿಸಬೇಡಿ ಸರ್, ಮನೆಯಲ್ಲಿ ಕೂತು ಮಾಡೇ ಮಾಡುತ್ತಾರೆ. ಪುಣೆಯಲ್ಲಿ ನಾನು ಮೊದಲು ಟೇಪ್ ಹಿಡಿದು ಅಳತೆ, ಕೈಯಲ್ಲೇ ಪ್ಲ್ಯಾನ್, ಆಮೇಲೆ ಎಐ ಅಂತ ಇಟ್ಟಿದ್ದೇನೆ. ಬಂದ ಚಿತ್ರಕ್ಕೆ ಅವರೇ ಸೆಕ್ಷನ್ (ಕೋಣೆಯನ್ನು ನೇರ ಕತ್ತರಿಸಿ ನೋಡಿದಂಥ ಅಳತೆಯ ಡ್ರಾಯಿಂಗ್) ಬರೆಯಬೇಕು. ವಾರ್ಡ್‌ರೋಬಿಗೆ 2 ಅಡಿ ಆಳ ಕೊಟ್ಟರೆ ಮಂಚದ ಪಕ್ಕ ಓಡಾಡೋಕೆ ಜಾಗವೇ ಇಲ್ಲ ಅಂತ ಆಗ ಗೊತ್ತಾಗುತ್ತದೆ. ಎಐ ಚಿತ್ರ ಊಹಿಸುತ್ತದೆ, ಅಳತೆ ನೋಡಲ್ಲ, ಅಲ್ವಾ?

ಪ್ಲೈವುಡ್ ಪ್ರೇಮಿ: ಚಿತ್ರದಲ್ಲಿರುವುದು ವೆನೀರೋ (ನಿಜ ಮರದ ತೆಳು ಹಾಳೆ) ಲ್ಯಾಮಿನೇಟೋ (ಮರದಂತೆ ಕಾಣುವ ಸಿಂಥೆಟಿಕ್ ಹಾಳೆ) ಅಂತ ಕೇಳಿ ನೋಡಿ, ಸುಮ್ನೆ ನಿಲ್ಲುತ್ತಾರೆ! ಒಮ್ಮೆ ನಿಮ್ಮ ಹತ್ತಿರದ ಉಲ್ಲಾಸನಗರದ ಫರ್ನಿಚರ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ. 8×4 ಅಡಿ ಪ್ಲೈ ಶೀಟಿನಲ್ಲಿ ಎಷ್ಟು ವೇಸ್ಟ್ ಆಗುತ್ತದೆ, ಸಿಂಕ್ ಕೆಳಗೆ ಐಎಸ್ 710 (ನೀರು ತಡೆಯುವ ಮೆರೈನ್) ಪ್ಲೈ ಯಾಕೆ ಬೇಕು, ಇದೆಲ್ಲ ಬಡಗಿ ಹತ್ರಾನೇ ಕಲಿಯಲಿ. ಮುಂಬೈ ಮಳೆ ಪ್ರಾಂಪ್ಟ್‌ಗೆಲ್ಲ (ಎಐಗೆ ಬರೆದುಕೊಡುವ ಸೂಚನೆ) ಬಗ್ಗಲ್ಲ.

ಡೊಂಬಿವ್ಲಿ ಮೇಷ್ಟ್ರು: ಸರಿ, ಮಾರ್ಕ್ಸ್ ಯಾವುದಕ್ಕೆ?

ಕೋಥ್ರೂಡ್ ಅಕ್ಕ: ಚಿತ್ರಕ್ಕೆ ಸೊನ್ನೆ, ಡ್ರಾಯಿಂಗ್‌ಗೆ ಜಾಸ್ತಿ. ಪ್ರಾಂಪ್ಟ್ ಏನು ಕೊಟ್ಟರು, ಏನನ್ನು ಯಾಕೆ ಬದಲಾಯಿಸಿದರು ಅಂತ ಶೀಟಿನ ಹಿಂದೆ ಬರೆಸಿ, ಅದಕ್ಕೂ ಸ್ವಲ್ಪ ಕೊಡಿ.