ಸಹಾಯ ಬೇಕು: ಬ್ಯಾಂಕ್ ಕೆಲಸ ಬಿಟ್ಟು ಮದ್ದಳೆಗೆ ಕೂರಬಹುದಾ?

ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಹತ್ತಿರ, ಕೆಲಸ ಕಾರವಾರದ ಒಂದು ಬ್ಯಾಂಕಿನಲ್ಲಿ. 11 ವರ್ಷ ಆಯಿತು. ಸಂಬಳ ಚೆನ್ನಾಗಿದೆ, ಸಾಲ ಇಲ್ಲ. ಆದರೆ ಮನಸ್ಸೆಲ್ಲ ಯಕ್ಷಗಾನದ ಮದ್ದಳೆ ಮೇಲೆ.

ಆರು ವರ್ಷದಿಂದ ಪ್ರತಿ ಭಾನುವಾರ ಗುರುಗಳ ಮನೆಗೆ ಹೋಗಿ ಕಲಿಯುತ್ತಿದ್ದೇನೆ. ಹೋದ ತಿಂಗಳು ಒಂದು ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಬೆಳಗಿನ ಜಾವದವರೆಗೆ ಬಾರಿಸಿದೆ. ಬೆರಳ ತುದಿ ಊದಿಕೊಂಡಿತ್ತು. ಪದ ಮುಗಿಸಿದ ಭಾಗವತರು ನನ್ನ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದರು. ಸೋಮವಾರ ಕೌಂಟರ್‌ನಲ್ಲಿ ಕೂತಾಗಲೂ ಬೆರಳು ಮೇಜಿನ ಮೇಲೆ ಜಂಪೆ ತಾಳ ನುಡಿಸುತ್ತಲೇ ಇತ್ತು.

ಮಳೆಗಾಲದಲ್ಲಿ ಮೇಳದ ತಿರುಗಾಟ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಹಾಡುವ, ಬಾರಿಸುವ ಹಿಮ್ಮೇಳದವರು ಮನೆ ಹೇಗೆ ನಡೆಸುತ್ತೀರಿ? ತಾಳಮದ್ದಳೆ, ಮಕ್ಕಳಿಗೆ ಪಾಠ ಇಷ್ಟರಲ್ಲೇ ಸಾಗುತ್ತದಾ? ನನಗೀಗ 36. ಈ ವಯಸ್ಸಿನ ಹೊಸಬನನ್ನು ಮೇಳಕ್ಕೆ ಸೇರಿಸಿಕೊಳ್ಳುತ್ತಾರಾ? 1934ರಲ್ಲಿ ಶುರುವಾದ ಕೆರೆಮನೆ ಮೇಳದವರ ಕಲಾಕೇಂದ್ರ ಹೊನ್ನಾವರ ಹತ್ತಿರದ ಗುಣವಂತೆಯಲ್ಲಿದೆ ಅಲ್ವಾ, ಅಲ್ಲಿ ಕಲಿತವರಿದ್ದರೆ ನಿಮ್ಮ ಅನುಭವ ತಿಳಿಸಿ.

ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ ನೋಡಿ ಅಂತ ಹೆಂಡತಿ ಹೇಳುತ್ತಾಳೆ. ನನಗೂ ಅದೇ ಸರಿ ಅನ್ನಿಸುತ್ತದೆ. ಹಾಗೆ ಮಾಡಿದವರು ಇದ್ದೀರಾ? ಸುಮ್ನೆ ಧೈರ್ಯ ಹೇಳಬೇಡಿ, ತಿಂಗಳ ಖರ್ಚಿನ ಲೆಕ್ಕ ಹೇಳಿ. ಅದರಿಂದ ಜಾಸ್ತಿ ಉಪಕಾರ. ಆಯಿಗೆ (ಅಮ್ಮನಿಗೆ) ಇನ್ನೂ ಹೇಳಿಲ್ಲ. ಅಡಿಕೆ ಕೊಯ್ಲಿಗೆ ಊರಿಗೆ ಹೋದಾಗ ಹೇಳಬೇಕು.