ಸೈಕಲ್ ಫ್ರೇಮಿನೊಳಗೆ ನೀರು ನಿಲ್ಲದಂತೆ ಏನು ಮಾಡುತ್ತೀರಿ?

ತೀರ್ಥಹಳ್ಳಿಯಿಂದ ಪ್ರಶ್ನೆ: ನನ್ನದು ಸ್ಟೀಲ್ ಫ್ರೇಮ್, ವಾರಂಟಿ ಇನ್ನೂ ಇದೆ. ಸೀಟ್ ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ತೆಗೆದು ಮಗುಚಿದರೆ ಅರ್ಧ ಲೋಟ ನೀರು ಸುರಿಯಿತು. ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು, ಬೇರಿಂಗ್ ಕೂರುವ ಜಾಗ) ಅಡಿಗೆ ತೂತು ಹಾಕಿಸಲಾ? ಅನುಭವ ಇದ್ದವರು ಹೇಳಿ.

ಮಡಿಕೇರಿ: ನನ್ನ ಕಥೆ ಕೇಳಿ. ಪೆಡಲ್ ತುಳಿದಾಗ ಕಟಕಟ ಸದ್ದು. ಅಂಗಡಿಯವರು ಬೇರಿಂಗ್ ಹೋಗಿದೆ ಎಂದು 1,450 ರೂಪಾಯಿಯ ಕಾರ್ಟ್ರಿಜ್ ಹಾಕಿದರು, ಕೂಲಿ 350 ಬೇರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಸದ್ದು, ಮತ್ತೆ ಅಷ್ಟೇ ದುಡ್ಡು. ಒಳಗೆ ನೀರಿದೆಯಾ ಎಂದು ಒಮ್ಮೆಯೂ ನೋಡಲಿಲ್ಲ! ಬೇರೆ ಮೆಕ್ಯಾನಿಕ್ ಬಿಚ್ಚಿದಾಗ ಕೆಂಚು ನೀರು ಸುರಿಯಿತು, ಜೊತೆಗೆ ತುಕ್ಕಿನ ಚಕ್ಕೆ. ಎಡಗಡೆಯ ಥ್ರೆಡ್ ಅರ್ಧ ಮಾಯ. ಟ್ಯಾಪ್ ಹಾಕಿಸಿ ಥ್ರೆಡ್ ಮತ್ತೆ ಕೊರೆಸಿದರೂ ಹಿಡಿಯಲಿಲ್ಲ. ಕೊನೆಗೆ ಥ್ರೆಡ್ ಬೇಡದ ಬಾಟಮ್ ಬ್ರಾಕೆಟ್ ತರಿಸಿದೆ, 3,200. ಆಮೇಲೆ ಅಡಿಯಲ್ಲಿ 5 ಮಿ.ಮೀ. ತೂತು ಕೊರೆಸಿ, ಅಂಚು ಉಜ್ಜಿ ಪೇಂಟ್ ಹಚ್ಚಿದೆ. ಈಗ ಮನೆಗೆ ಬಂದು ನಿಲ್ಲಿಸಿದರೆ ನೆಲದ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತದೆ. ತೂತೇ ಪರಿಹಾರ.

ಮಂಗಳೂರು: ಒಪ್ಪುವುದಿಲ್ಲ. ನೀರು ಬರುವ ದಾರಿ ಬಿಟ್ಟು ಹೋಗುವ ದಾರಿ ಮಾಡಿದರೆ ಏನು ಬಂತು? ಪೋಸ್ಟ್ ಕೂರುವ ಸೀಟ್ ಟ್ಯೂಬಿನ ಸೀಳು ಸಾಮಾನ್ಯವಾಗಿ ಹಿಂದಕ್ಕೆ ಇರುತ್ತದೆ. ಹಿಂದಿನ ಚಕ್ರ ಎರಚುವ ನೀರೆಲ್ಲ ನೇರ ಅಲ್ಲಿಗೇ. ಚಕ್ರದ ಹಳೇ ರಬ್ಬರ್ ಟ್ಯೂಬಿನ ತುಂಡು ಕತ್ತರಿಸಿ ಕ್ಲಾಂಪ್ ಮೇಲೆ ಬಿಗಿಯಾಗಿ ಎಳೆದಿದ್ದೇನೆ. ಪೋಸ್ಟಿಗೂ ನೀರಿನ ಬಾಟಲ್ ಸ್ಟ್ಯಾಂಡಿನ ಬೋಲ್ಟುಗಳಿಗೂ ಗ್ರೀಸ್. ಉದ್ದ ಮಡ್‌ಗಾರ್ಡ್. ಕಡಲ ಪಕ್ಕದ ಉಪ್ಪು ಗಾಳಿಯಲ್ಲೂ ನನ್ನ ಫ್ರೇಮ್ ಒಳಗೆ ಒಣಗಿದೆ. ಟ್ಯೂಬಿನ ಖರ್ಚು ಸೊನ್ನೆ.

ಮಡಿಕೇರಿ: ಎಲ್ಲಾ ಮುಚ್ಚಿದರೂ ಒಳಗಿನ ಗಾಳಿಯ ತೇವ ರಾತ್ರಿ ತಣಿದು ನೀರಾಗುತ್ತದೆ. ಅದು ಎಲ್ಲಿಗೆ ಹೋಗಬೇಕು? ನೀವು ಫ್ರೇಮ್ ಮುಚ್ಚಿಲ್ಲ, ಡಬ್ಬಿ ಮಾಡಿದ್ದೀರಿ.

ಮಂಗಳೂರು: ನಿಮ್ಮ ತೂತಿಗೆ ಕೆಸರು ಕಟ್ಟಿದರೆ ಅದೂ ಡಬ್ಬಿಯೇ. ಕಡ್ಡಿ ಹಾಕಿ ನೋಡಿದ್ದೀರಾ?

ಶಿರಸಿ: ಇಬ್ಬರೂ ಪೋಸ್ಟ್ ಕಚ್ಚಿಕೊಳ್ಳುವ ಮಾತೇ ಆಡುವುದಿಲ್ಲ. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ದು ನೀರು ಸೇರಿದರೆ ಎರಡೂ ಲೋಹ ಕಚ್ಚಿಕೊಳ್ಳುತ್ತವೆ. ನನ್ನದು ಅಲ್ಲಾಡಲೇ ಇಲ್ಲ. ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದು, ವೈಸ್‌ಗೆ ಹಾಕಿ ತಿರುಗಿಸಿದರೆ ಪೋಸ್ಟಿನ ತಲೆ ತುಂಡಾಯಿತು. ಹ್ಯಾಕ್ಸಾ ಬ್ಲೇಡಿನಿಂದ ಒಳಗಿಂದಲೇ ಉದ್ದಕ್ಕೆ ಸೀಳಿ, ತುಂಡು ತುಂಡಾಗಿ ಎಳೆದರು. ಬಿಳಿ ಪುಡಿ ಅಂಟಿತ್ತು. ಕೂಲಿ 900, ಹೊಸ ಪೋಸ್ಟ್ 1,100. ಈಗ ಮಳೆಗಾಲದಲ್ಲಿ ಪ್ರತಿ ತಿಂಗಳು ಪೋಸ್ಟ್ ತೆಗೆದು, ಸೈಕಲ್ ತಲೆಕೆಳಗೆ ಇಟ್ಟು, ಒಣಗಿಸಿ, ಹೊಸ ಗ್ರೀಸ್ ಹಚ್ಚುತ್ತೇನೆ. ತೆಗೆಯುವ ಮೊದಲು ಹೊರಗೆ ಟೇಪ್ ಅಂಟಿಸಿ ಗುರುತು ಮಾಡಿದ ಎತ್ತರಕ್ಕೆ ಮತ್ತೆ ಕೂರಿಸುತ್ತೇನೆ.

ದಾವಣಗೆರೆ: ಅಪ್ಪನ ಕಪ್ಪು ಸೈಕಲ್ ಇನ್ನೂ ಓಡುತ್ತಿದೆ. ಇದ್ಯಾವುದೂ ಮಾಡಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಬೇರಿಂಗ್ ಗೋಲಿ ತೊಳೆದು ಗ್ರೀಸ್ ತುಂಬುತ್ತಿದ್ದರು. ನೀವೆಲ್ಲ ಸುಮ್ನೆ ದುಡ್ಡು ಸುರಿಯುತ್ತಿದ್ದೀರಿ.

ಶಿರಸಿ: ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚುವುದು ಏನೂ ಮಾಡದೆ ಇದ್ದಂತಾ? ನಿಮ್ಮಲ್ಲಿ ಬೀಳುವ ಮಳೆ ಎಷ್ಟು, ಘಟ್ಟದಲ್ಲಿ ಬೀಳುವುದು ಎಷ್ಟು?

ಮೂಡಿಗೆರೆ: ಅಗಸೆ ಎಣ್ಣೆ ಯಾರೂ ಹೇಳಲಿಲ್ಲ. ಒಣಗಿದ ಫ್ರೇಮಿನೊಳಗೆ ಸುರಿದು ಎಲ್ಲಾ ಟ್ಯೂಬಿಗೂ ಓಡುವಂತೆ ತಿರುಗಿಸಿ, ಉಳಿದದ್ದನ್ನು ಇಳಿಸಿದೆ. ಗಟ್ಟಿ ಪದರ ಕೂತಿದೆ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ. ಬೈಕ್ ತೊಳೆಯುವ ಪ್ರೆಶರ್ ಪೈಪಿನ ಹತ್ತಿರವಂತೂ ಹೋಗಲೇಬೇಡಿ.

ದಾವಣಗೆರೆ: ನಾನು ಪ್ರೆಶರ್ ಪೈಪಿನಲ್ಲೇ ತೊಳೆಸುವುದು, 60 ರೂಪಾಯಿ. ಏನೂ ಆಗಿಲ್ಲ.

ಮೂಡಿಗೆರೆ: ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬಿಚ್ಚಿ ಫೋಟೋ ಹಾಕಿ. ಆಮೇಲೆ ಮಾತಾಡೋಣ.

ತೀರ್ಥಹಳ್ಳಿ: ತೂತು ಹಾಕಿದರೆ ವಾರಂಟಿ ಹೋಗುತ್ತದಾ?

ಮಡಿಕೇರಿ: ಮೊದಲು ಕೆಳಗೆ ನೋಡಿ, ಕೆಲವು ಫ್ರೇಮಿಗೆ ಕಂಪನಿಯೇ ತೂತು ಬಿಟ್ಟಿರುತ್ತದೆ. ಇಲ್ಲದಿದ್ದರೆ ಕೊರೆಯುವ ಮೊದಲು ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕಾರ್ಬನ್ ಫ್ರೇಮಿನವರು ಡ್ರಿಲ್ ಮುಟ್ಟಲೇಬೇಡಿ. ಮಂಗಳೂರಿನವರೇ, ಕಡ್ಡಿ ಹಾಕಿ ನೋಡಿದೆ. ಕೆಸರಿಲ್ಲ.

ಮಂಗಳೂರು: ಜುಲೈ ಕಳೆಯಲಿ, ಆಗ ಹೇಳಿ.